ಕ್ಷಯರೋಗಕ್ಕೆ ಹೊಸ ಔಷಧಿಗಳು

ತುಮಕೂರಿನಿಂದ ಗುಬ್ಬಿಯ ಕಡೆಗಾಗಲಿ ಕುಣಿಗಲಿನ ಕಡೆಗಾಗಲಿ ಪ್ರಯಾಣ ಮಾಡುವವರು ದಾರಿಯುದ್ದಕ್ಕೂ ತೆಂಗು ಅಡಕೆಯ ತೋಟಗಳನ್ನೂ ಕೆರೆಗಳ ಏರಿಗಳನ್ನೂ ಕಾಣುತ್ತಾರೆ. ಗುಬ್ಬಿಯೆಂದೊಡನೆ ವೀರಣ್ಣನವರ ನಾಟಕ ಮಂಡಲಿಯೂ, ಕುಣಿಗಲೆಂದೊಡನೆ ಅಲ್ಲಿನ ಕುದುರೆಗಳೂ ನಮ್ಮ ನೆನಪಿಗೆ ಬರುತ್ತವೆ. ಆದರೆ ಕ್ಷಯರೋಗವನ್ನು ಕುರಿತು ಬರೆಯುವ ದೇಶವಿದೇಶಗಳ ವೈದ್ಯರು ತುಮಕೂರು ಜಿಲ್ಲೆಯನ್ನು ಬೇರೊಂದು ಕಾರಣದಿಂದ ನೆನೆಯುತ್ತಾರೆಂಬ ಸಂಗತಿ ಆ ಜಿಲ್ಲೆಯವರಿಗೇ ಹೆಚ್ಚಾಗಿ ತಿಳಿದಿಲ್ಲ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಆ ಸಂಸ್ಥೆಯವರು ಕೈಕೊಂಡ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು, 1960-61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿಯೂ ಪಟ್ಟಣಗಳಲ್ಲಿಯೂ ನಡೆಸಿದ ಪರಿಶೀಲನೆ. ಜನರ ತೋಳಿಗೆ ಚರ್ಮದ ಪರೀಕ್ಷೆ ಮಾಡಿದರು. ಎದೆಯ ಕ್ಷ-ಕಿರಣ ಚಿತ್ರ ತೆಗೆದರು. ಅನುಮಾನ ಬಂದವರ ಕಫವನ್ನು ಪರೀಕ್ಷಿಸಿದರು. ಸಾವಿರ ಮಂದಿಯಲ್ಲಿ ಸುಮಾರು ನಾಲ್ವರ ಕಫದಲ್ಲಿ ಕ್ಷಯಾಣು ಕಂಡಿತು. ಸಂಖ್ಯೆ ಸಣ್ಣದೆಂದು ತೋರಬಹುದು. ಐದು ಸಾವಿರ ಜನರಿರುವ ಊರೊಂದರಲ್ಲಿ ಇಪ್ಪತ್ತು ಮಂದಿ ತಮ್ಮ ಮನೆಯವರಿಗೂ ನೆರೆಯವರಿಗೂ ಕೆಮ್ಮಿನ ಮೂಲಕ ರೋಗವನ್ನು ಹಂಚುತ್ತಿದ್ದರೆಂದು ಇದರ ಅರ್ಥ.

ಮುಂದಿನ ಹೆಜ್ಜೆ ಇದಕ್ಕಿಂತಲೂ ಸ್ವಾರಸ್ಯವಾದುದು. ಹಳ್ಳಿಯವರು ಮೂಢರು, ರೋಗವನ್ನು ಅರಿಯರು, ಆಸ್ಪತ್ರೆಗೆ ಬರಲೊಲ್ಲರು, ಆದ್ದರಿಂದ ಸರ್ಕಾರವೇ ವಾಹನದಲ್ಲಿ ಯಂತ್ರ ಹೊತ್ತು ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಬೇಕು ಎಂಬುದು ಅಂದಿನ ಸಾಮಾನ್ಯ ನಂಬಿಕೆಯಾಗಿತ್ತು. ಸಮಾಜಶಾಸ್ತ್ರಜ್ಞರಾದ ಡಿ. ಬ್ಯಾನರ್ಜಿಯವರೂ ಸ್ಟಿಗ್ ಆಂಡರ್ಸನ್ ಎಂಬವರೂ ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ಪರಿಶೀಲನೆಯಲ್ಲಿ ರೋಗವಿದೆಯೆಂದು ಕಂಡುಬಂದವರ ಮನೆಗಳಿಗೆ ಹೋಗಿ ಅವರನ್ನು ಮಾತನಾಡಿಸಿದರು. ಬಹುತೇಕ ಎಲ್ಲರಿಗೂ ತಮ್ಮ ದೇಹದಲ್ಲಿ ಏನೋ ಕೆಟ್ಟಿದೆಯೆಂದು ತಿಳಿದಿತ್ತು. ಹೆಚ್ಚು ಮಂದಿಗೆ ಅದರ ಚಿಂತೆಯೂ ಇತ್ತು. ಅರ್ಧಕ್ಕೆ ಮೇಲ್ಪಟ್ಟವರು ಚಿಕಿತ್ಸೆಗಾಗಿ ಔಷಧಾಲಯದ ಬಾಗಿಲಿಗೂ ಹೋಗಿದ್ದರು. ಅಲ್ಲಿ ಅವರಿಗೆ ದೊರೆತದ್ದು ಸಾಮಾನ್ಯವಾಗಿ ಒಂದು ಸೀಸೆ ಕೆಮ್ಮಿನ ಔಷಧಿ! ರೋಗಿಯು ವೈದ್ಯನನ್ನು ಹುಡುಕಿಕೊಂಡು ಬಂದಿದ್ದನು. ವೈದ್ಯನು ರೋಗವನ್ನು ಹುಡುಕಿರಲಿಲ್ಲ. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಈ ಲೇಖನ ಅಚ್ಚಾಯಿತು. ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಕಫವನ್ನು ಪರೀಕ್ಷಿಸಿ ಔಷಧಿ ಕೊಡುವ ನಮ್ಮ ದೇಶದ ಪದ್ಧತಿಗೆ ತುಮಕೂರಿನ ಈ ಅನುಭವವು ಮುಖ್ಯವಾದ ಆಧಾರಗಳಲ್ಲೊಂದು.

ನಾನು ಇಂದು ಹೇಳಬೇಕಾಗಿರುವುದು ರಸಾಯನಶಾಸ್ತ್ರಕ್ಕೆ ಸೇರಿದ ವಿಷಯ. ಅದಕ್ಕೂ ಈ ಹಳ್ಳಿಗಳ ಕಥೆಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧವಿಷ್ಟೆ: ಬಾಗಿಲಿಗೆ ಬಂದ ರೋಗಿಯ ಕೈಗೆ ಕೆಮ್ಮಿನ ಸೀಸೆಯ ಬದಲು ಏನನ್ನು ಕೊಡಬೇಕು? ಆತನು ಅದನ್ನು ಮನೆಯಲ್ಲಿದ್ದುಕೊಂಡೇ ಸೇವಿಸುವಂತಿರಬೇಕು, ಸೂಜಿಯಿಂದ ಚುಚ್ಚಬೇಕಾದುದಾಗಿರಬಾರದು, ಹೊಲದ ಕೆಲಸ ಬಿಟ್ಟು ತಿಂಗಳುಗಟ್ಟಲೆ ದೂರದ ಆಸ್ಪತ್ರೆಯಲ್ಲಿ ಮಲಗುವಂತೆ ಮಾಡಬಾರದು, ಕಣ್ಣು, ಕಿವಿ, ಯಕೃತ್ತುಗಳಿಗೆ ಕೇಡು ತರಬಾರದು, ಬೆಲೆ ನಿಲುಕುವಂತಿರಬೇಕು. ಇಷ್ಟು ಗುಣಗಳುಳ್ಳ ವಸ್ತು ಗಿಡದಲ್ಲಿ ಕಾಯಾಗಿ ಬಿಡುವುದಿಲ್ಲ. ಬಹುಮಟ್ಟಿಗೆ ಅದನ್ನು ಮನುಷ್ಯನೇ ಕಟ್ಟಬೇಕಾಯಿತು.

ಸರಳವಾದ ಪದಾರ್ಥಗಳನ್ನು ಒಂದರೊಡನೊಂದು ಕೂಡಿಸಿ, ಕಾಯಿಸಿ, ಶೋಧಿಸಿ, ಪ್ರಕೃತಿಯಲ್ಲಿ ಇಲ್ಲದ ಹೊಸ ಸಂಯುಕ್ತವನ್ನು ಪಡೆಯುವ ಕಾರ್ಯಕ್ಕೆ ಸಂಶ್ಲೇಷಣೆಯೆಂದು ಹೆಸರು. ಸಂಯುಕ್ತದ ಒಂದೊಂದು ಕಣವೂ ಇಂಗಾಲ, ಜಲಜನಕ, ಸಾರಜನಕ ಮೊದಲಾದ ಪರಮಾಣುಗಳ ಒಂದು ಗೊತ್ತಾದ ಜೋಡಣೆ. ಆ ಜೋಡಣೆಯಲ್ಲಿ ಒಂದು ಪರಮಾಣುವನ್ನು ಬದಲಿಸಿದರೆ ಬಣ್ಣವು ವಿಷವಾಗಬಹುದು, ವಿಷವು ಮದ್ದಾಗಬಹುದು. ಇದು ಅತಿಶಯೋಕ್ತಿಯಲ್ಲ.

ಎದುರಾಳಿಯಾದರೂ ಸಾಮಾನ್ಯನಲ್ಲ. ನಮ್ಮ ಆಯುರ್ವೇದ ಗ್ರಂಥಗಳು ರಾಜಯಕ್ಷ್ಮವೆಂದು ಕರೆದ ಈ ರೋಗದ ಅಣುಜೀವಿಯನ್ನು ರಾಬರ್ಟ್ ಕಾಖ್ 1882ನೆಯ ಮಾರ್ಚ್ 24ರಂದು ಲೋಕಕ್ಕೆ ತೋರಿಸಿಕೊಟ್ಟನು. ಅದರ ಮೈಗೆ ಮೇಣದಂತಹ ಕೊಬ್ಬಿನ ದಪ್ಪ ಕವಚವುಂಟು. ಅನೇಕ ಔಷಧಿಗಳು ಅದನ್ನು ತೂರಲಾರವು. ಇತರ ಎಷ್ಟೋ ಅಣುಜೀವಿಗಳು ಅರ್ಧ ಗಂಟೆಯೊಳಗೆ ಒಂದು ಎರಡಾಗುತ್ತವೆ. ಕ್ಷಯಾಣುವಿಗೆ ಅದಕ್ಕೆ ಸುಮಾರು ಒಂದು ದಿನ ಬೇಕು. ಬೆಳೆಯುತ್ತಿರುವ ಅಣುಜೀವಿಯನ್ನು ಕೊಲ್ಲುವುದು ಸುಲಭ, ನಿದ್ರಿಸುತ್ತಿರುವುದನ್ನು ಕೊಲ್ಲುವುದು ಕಷ್ಟ. ಆದ್ದರಿಂದಲೇ ಕ್ಷಯದ ಚಿಕಿತ್ಸೆ ವಾರಗಳಲ್ಲಿ ಮುಗಿಯದೆ ತಿಂಗಳುಗಳ ಕಾಲ ನಡೆಯುತ್ತದೆ.

ಔಷಧಿ ದೊರೆಯುವ ಮುನ್ನ ಒಳ್ಳೆಯ ಗಾಳಿ, ಒಳ್ಳೆಯ ಆಹಾರ, ವಿಶ್ರಾಂತಿ, ಇಷ್ಟೇ ಚಿಕಿತ್ಸೆಯಾಗಿತ್ತು. ಅನುಕೂಲವುಳ್ಳವರು ಮದನಪಲ್ಲಿಯ ಬಳಿಯ ಆರೋಗ್ಯವರಕ್ಕೋ, ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಚಿಕಿತ್ಸಾಲಯಕ್ಕೋ ಹೋಗುತ್ತಿದ್ದರು. ಅನುಕೂಲವಿಲ್ಲದವರು ಮನೆಯ ಹೊರಗಿನ ಜಗಲಿಯ ಮೂಲೆಯಲ್ಲಿ ಮಲಗುತ್ತಿದ್ದರು. 1943ರಲ್ಲಿ ಅಮೆರಿಕದಲ್ಲಿ ಮಣ್ಣಿನ ಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ದೊರೆತಾಗ ಆಸೆ ಚಿಗುರಿತು. ಅದು ಸಂಶ್ಲೇಷಣೆಯ ಫಲವಲ್ಲ, ಪ್ರಕೃತಿಯ ಕೊಡುಗೆ, ಅಲ್ಲದೆ ಸೂಜಿಮದ್ದು. ಒಂದನ್ನೇ ಕೊಟ್ಟಾಗ ಕೆಲವು ತಿಂಗಳಲ್ಲಿ ಕ್ಷಯಾಣು ಅದಕ್ಕೆ ಒಗ್ಗಿಕೊಳ್ಳುವುದೂ ಕಂಡುಬಂದಿತು.

ಅದೇ ಕಾಲದಲ್ಲಿ ಸ್ವೀಡನ್ ದೇಶದ ಯೋರ್ಗೆನ್ ಲೇಮಾನ್ ಎಂಬವನು ಬೇರೊಂದು ದಾರಿ ಹಿಡಿದನು. ಸ್ಯಾಲಿಸಿಲಿಕ್ ಆಮ್ಲವನ್ನು ಸೇರಿಸಿದರೆ ಕ್ಷಯಾಣುವಿನ ಉಸಿರಾಟ ಹೆಚ್ಚುತ್ತದೆಯೆಂದು ಅಮೆರಿಕದ ಬರ್ನ್‌ಹೈಮ್ 1940ರಲ್ಲಿ ತೋರಿಸಿದ್ದನು. ತಲೆನೋವಿಗೆ ನುಂಗುವ ಆಸ್ಪಿರಿನ್ ಈ ಆಮ್ಲದ ಬಂಧುವೇ. ಇತರರು ಇದನ್ನು ಓದಿ ಮರೆತರು. ಲೇಮಾನ್ ಯೋಚಿಸಿದ್ದು ಹೀಗೆ: ಕ್ಷಯಾಣುವಿಗೆ ಈ ವಸ್ತು ಪ್ರಿಯವಾದರೆ, ಅದರಂತೆಯೇ ಕಾಣುವ, ಆದರೆ ಒಂದು ಕಡೆ ಕೊಂಚ ಬೇರೆಯಾದ ವಸ್ತುವನ್ನು ಮುಂದಿಟ್ಟರೆ ಅದು ಮೋಸಹೋಗಿ ನುಂಗೀತು, ನುಂಗಿದ ಮೇಲೆ ಅದರ ಒಳಯಂತ್ರ ಕೆಟ್ಟೀತು. ಗೊತ್ತಾದ ಸ್ಥಾನದಲ್ಲಿ ಒಂದು ಅಮೈನೊ ಗುಂಪನ್ನು ಸೇರಿಸಿ ಮಾಡಿಸಿದ ಆ ವಸ್ತುವೇ ಪಿ.ಎ.ಎಸ್. ಮದ್ದೇನೋ ಫಲಿಸಿತು, ಆದರೆ ದಿನಕ್ಕೆ ಹತ್ತು ಹನ್ನೆರಡು ಗ್ರಾಂ ಬೇಕಾಗಿತ್ತು. ಕುಣಿಗಲಿನಲ್ಲಿದ್ದ ನನ್ನ ಸೋದರತ್ತೆಯವರು ಅದನ್ನು ಸೇವಿಸಿ ಬದುಕಿದವರು. ಊಟಕ್ಕಿಂತ ಮದ್ದೇ ಹೆಚ್ಚಾಗಿತ್ತೆಂದೂ, ಹೊಟ್ಟೆ ತೊಳಸುವುದನ್ನು ತಡೆಯಲಾರದೆ ಎಷ್ಟೋ ದಿನ ಅದನ್ನು ಯಾರಿಗೂ ಕಾಣದಂತೆ ಬಚ್ಚಲಿಗೆ ಸುರಿದುದುಂಟೆಂದೂ ಅವರು ಮುಪ್ಪಿನಲ್ಲಿ ನಗುತ್ತ ಹೇಳುತ್ತಿದ್ದರು. ಪ್ರಯೋಗಶಾಲೆಯಲ್ಲಿ ಗೆದ್ದ ಔಷಧಿ ಬಚ್ಚಲಿನಲ್ಲಿ ಸೋಲುವುದು ಹೀಗೆ.

ಇನ್ನು ಐಸೋನಯಾಜಿಡ್ ಎಂಬ ಔಷಧಿಯ ಕಥೆ. ಕಣವೊಂದಕ್ಕೆ 6 ಇಂಗಾಲ, 7 ಜಲಜನಕ, 3 ಸಾರಜನಕ, 1 ಆಮ್ಲಜನಕ, ಒಟ್ಟು 17 ಪರಮಾಣುಗಳಷ್ಟೇ ಇರುವ ಪುಟ್ಟ ಸಂಯುಕ್ತವಿದು. 1912ರಲ್ಲಿ ಪ್ರಾಗ್ ನಗರದಲ್ಲಿ ಹಾನ್ಸ್ ಮೇಯರ್ ಮತ್ತು ಯೋಸೆಫ್ ಮಾಲಿ ಎಂಬ ಇಬ್ಬರು ಇದನ್ನು ಸಂಶ್ಲೇಷಿಸಿದರು. ಅದು ಯಾವ ಉಷ್ಣತೆಯಲ್ಲಿ ಕರಗುತ್ತದೆಂಬುದೇ ಮೊದಲಾದ ವಿವರಗಳನ್ನು ಬರೆದಿಟ್ಟರು. ಬೇರೆ ಕೆಲಸಕ್ಕೆ ಹೋದರು. ಅವರ ಮನಸ್ಸಿನಲ್ಲಿ ಕ್ಷಯರೋಗದ ವಿಚಾರವೇ ಇರಲಿಲ್ಲ. ಸುಮಾರು ನಾಲ್ವತ್ತು ವರ್ಷ ಅದು ಗ್ರಂಥದ ಪುಟದಲ್ಲಿ ಮಲಗಿತ್ತು. ಆ ನಾಲ್ವತ್ತು ವರ್ಷಗಳಲ್ಲಿ ಈ ರೋಗಕ್ಕೆ ಬಲಿಯಾದವರ ಲೆಕ್ಕವನ್ನು ಮಾಡಹೊರಟರೆ ಮನಸ್ಸು ಹಿಂಜರಿಯುತ್ತದೆ.

ಜರ್ಮನಿಯ ಗೆರ್ಹಾರ್ಡ್ ಡೋಮಾಕ್ ಮತ್ತು ಅವನ ಸಹೋದ್ಯೋಗಿಗಳು ಒಂದು ಬಣ್ಣದ ವಸ್ತುವಿನಿಂದ ಸಲ್ಫಾ ಔಷಧಿಗಳಿಗೆ ದಾರಿ ತೋರಿದ್ದರು. ಅನಂತರ ಥಯೋಸೆಮಿಕಾರ್ಬಜೋನ್ ಎಂಬ ಕುಲದ ಸಂಯುಕ್ತಗಳು ಕ್ಷಯಾಣುವನ್ನು ತಡೆಯುತ್ತವೆಂದು ಕಂಡುಕೊಂಡರು. ಆ ಕುಲದಲ್ಲಿ ಇನ್ನೂ ಉತ್ತಮವಾದುದನ್ನು ಕಟ್ಟಲು ಹಲವು ಕಡೆ ಪ್ರಯತ್ನ ನಡೆಯಿತು. ಹೀಗೆ ಕಟ್ಟುವಾಗ ನಡುವೆ ಒಂದು ಮೆಟ್ಟಿಲಾಗಿ ದೊರೆಯುತ್ತಿದ್ದ ಸಂಯುಕ್ತವನ್ನೂ ಪರೀಕ್ಷಿಸಿ ನೋಡಿದರು. ಮೆಟ್ಟಿಲೇ ಮಹಡಿಗಿಂತ ಎತ್ತರವಾಗಿತ್ತು! ಅದೇ 1912ರ ಐಸೋನಯಾಜಿಡ್. ಜರ್ಮನಿಯಲ್ಲಿ ಬಾಯರ್, ಅಮೆರಿಕದಲ್ಲಿ ರೋಷ್ ಮತ್ತು ಸ್ಕ್ವಿಬ್, ಈ ಮೂರು ಕಂಪನಿಗಳವರು ಒಬ್ಬರಿಗೊಬ್ಬರು ತಿಳಿಯದೆ ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ಇದನ್ನು ಮುಟ್ಟಿದರು. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಆಸೆ ಬಿಟ್ಟಿದ್ದ ರೋಗಿಗಳು ಹಾಸಿಗೆಯಿಂದೆದ್ದು ಕುಣಿದಾಡಿದ ವರದಿ ಪತ್ರಿಕೆಗಳಲ್ಲಿ ಬಂದಿತು. ಹಳೆಯ ವಸ್ತುವಾದುದರಿಂದ ಅದರ ಮೇಲೆ ಯಾರಿಗೂ ಒಡೆತನ ಸಿಗಲಿಲ್ಲ, ಬೆಲೆಯೂ ಅಗ್ಗವಾಯಿತು. ಪಿರಜಿನಮೈಡ್ ಎಂಬ ಮತ್ತೊಂದು ಔಷಧಿಯೂ ಹೀಗೆಯೇ 1936ರಲ್ಲಿ ಹುಟ್ಟಿ 1952ರಲ್ಲಿ ಕಣ್ತೆರೆಯಿತು. ಸಂಯುಕ್ತವನ್ನು ಮಾಡುವುದು ಒಂದು ಕೆಲಸ, ಅದನ್ನು ಸರಿಯಾದ ಪ್ರಶ್ನೆ ಕೇಳುವುದು ಇನ್ನೊಂದು ಕೆಲಸ. ಎರಡಕ್ಕೂ ನಡುವೆ ನಾಲ್ವತ್ತು ವರ್ಷಗಳ ಅಂತರ ಬೀಳಬಹುದು.

ನುಂಗುವ ಔಷಧಿ ದೊರೆತ ಮೇಲೆ ಚಿಕಿತ್ಸಾಲಯದ ಹಾಸಿಗೆ ಬೇಕೇ ಎಂಬ ಪ್ರಶ್ನೆ ಎದ್ದಿತು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕೇಂದ್ರದವರು 193 ಬಡ ರೋಗಿಗಳಲ್ಲಿ ಕೆಲವರನ್ನು ಚಿಕಿತ್ಸಾಲಯದಲ್ಲಿರಿಸಿ, ಕೆಲವರನ್ನು ಮನೆಯಲ್ಲಿಯೇ ಬಿಟ್ಟು, ಇಬ್ಬರಿಗೂ ಒಂದು ವರ್ಷ ಐಸೋನಯಾಜಿಡ್ ಮತ್ತು ಪಿ.ಎ.ಎಸ್. ಕೊಟ್ಟರು. ಇಕ್ಕಟ್ಟಾದ ಮನೆಗಳಲ್ಲಿ ಸಾಧಾರಣ ಆಹಾರ ತಿಂದುಕೊಂಡಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣಹೊಂದಿದರು. ಮನೆಯವರಿಗೆ ರೋಗ ಹೆಚ್ಚಾಗಿ ಅಂಟಲೂ ಇಲ್ಲ. 1959ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ತುಮಕೂರಿನ ಪರಿಶೀಲಕರು ಹಳ್ಳಿಗೆ ಹೋದಾಗ ಅವರ ಬೆನ್ನ ಹಿಂದೆ ಈ ಭರವಸೆಯಿತ್ತು.

ಸಂಯುಕ್ತದ ಕಣಗಳಲ್ಲಿ ಎಡಗೈ ಬಲಗೈಗಳಂತೆ ಒಂದು ಭೇದವುಂಟು. ಎರಡು ಕೈಗಳಲ್ಲಿಯೂ ಬೆರಳುಗಳು ಐದೇ. ಆದರೂ ಎಡಗೈಯ ಚೀಲಕ್ಕೆ ಬಲಗೈ ಹೊಂದದು. 1961ರಲ್ಲಿ ಅಮೆರಿಕದ ಲೆಡರ್ಲಿ ಪ್ರಯೋಗಶಾಲೆಯವರು ಪ್ರಕಟಿಸಿದ ಎಥಾಂಬುಟಾಲ್ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಒಂದು ರೂಪವು ಕ್ಷಯಾಣುವಿನ ಕವಚದ ನಿರ್ಮಾಣವನ್ನು ತಡೆಯುತ್ತದೆ; ಅದರ ಕನ್ನಡಿಯ ಬಿಂಬದಂತಿರುವ ರೂಪದ ಶಕ್ತಿ ನೂರಾರು ಪಟ್ಟು ಕಡಮೆ. ಕಣ್ಣಿನ ನರಕ್ಕಾಗುವ ಕೇಡಾದರೋ ಎರಡರಿಂದಲೂ ಬರಬಹುದು. ಆದ್ದರಿಂದ ಬೇಡವಾದ ಕೈಯನ್ನು ತೆಗೆದುಹಾಕಿ ಬೇಕಾದುದನ್ನು ಮಾತ್ರ ಕಟ್ಟುವುದು ರಸಾಯನಶಾಸ್ತ್ರಜ್ಞನ ಹೊಣೆಯಾಯಿತು. ಇಷ್ಟಾದರೂ ಎಥಾಂಬುಟಾಲ್ ಸೇವಿಸುವವರ ದೃಷ್ಟಿಯ ಮೇಲೆ ವೈದ್ಯರು ಕಣ್ಣಿಟ್ಟಿರಬೇಕಾಗುತ್ತದೆ.

1965ರಲ್ಲಿ ಬಂದ ರಿಫಾಂಪಿಸಿನ್ ಪ್ರಕೃತಿ ಮತ್ತು ಮನುಷ್ಯ ಸೇರಿ ಮಾಡಿದ ಔಷಧಿ. ಫ್ರಾನ್ಸಿನ ಮಣ್ಣಿನ ಜೀವಿಯೊಂದರಿಂದ ದೊರೆತ ವಸ್ತು ಬಾಯಿಂದ ಸೇವಿಸಿದರೆ ಮೈಗೆ ಹಿಡಿಯುತ್ತಿರಲಿಲ್ಲ. ಇಟಲಿಯ ಮಿಲಾನಿನ ರಸಾಯನಶಾಸ್ತ್ರಜ್ಞರು ಅದರ ಮೈಯನ್ನು ತಿದ್ದಿ ಗುಳಿಗೆಯಾಗುವಂತೆ ಮಾಡಿದರು. ಇದರಿಂದ ಚಿಕಿತ್ಸೆಯ ಕಾಲ ಒಂದೂವರೆ ವರ್ಷದಿಂದ ಮುಂದೆ ಆರು ತಿಂಗಳಿಗೆ ಇಳಿಯಿತು. ಅಲ್ಲಿಗೆ ಲೋಕವು ಕೆಲಸ ಮುಗಿಯಿತೆಂದು ಭಾವಿಸಿತೋ, ಬಡವರ ರೋಗದಲ್ಲಿ ಲಾಭವಿಲ್ಲವೆಂದು ಕಂಪನಿಗಳು ಲೆಕ್ಕಹಾಕಿದವೋ, ಮುಂದಿನ ನಾಲ್ವತ್ತು ವರ್ಷ ಹೊಸ ಬಗೆಯ ಔಷಧಿ ಬರಲೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಎರಡನೆಯ ಕಾರಣವೇ ದೊಡ್ಡದು. ಕ್ಷಯಾಣುವಂತೂ ಸುಮ್ಮನಿರಲಿಲ್ಲ. ಐಸೋನಯಾಜಿಡ್ ಕ್ಷಯಾಣುವಿನ ಒಳಹೊಕ್ಕು, ಅದರದೇ ಒಂದು ಕಿಣ್ವದ ಕೈಯಲ್ಲಿ ಮಾರ್ಪಟ್ಟ ಮೇಲೆ ತಾನೆ ವಿಷವಾಗುವುದು? ಆ ಕಿಣ್ವವನ್ನು ಕಳೆದುಕೊಂಡ ಕ್ಷಯಾಣುಗಳು ಬದುಕಿಕೊಂಡವು. ಐಸೋನಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ಬಗ್ಗದ ರೋಗವು ಹರಡಿತು. ಅಂತಹ ರೋಗಿಗಳು ಎರಡು ವರ್ಷದವರೆಗೆ ಚಿಕಿತ್ಸೆ ಪಡೆಯಬೇಕಾಯಿತು; ಸೂಜಿಮದ್ದಿನಿಂದ ಕೆಲವರ ಕಿವಿ ಶಾಶ್ವತವಾಗಿ ಕಿವುಡಾಯಿತು.

2005ರಲ್ಲಿ ಬೆಲ್ಜಿಯಮ್ಮಿನ ಕೋಯೆನ್ ಆಂಡ್ರೀಸ್ ಮತ್ತು ಸಂಗಡಿಗರು ಪ್ರಕಟಿಸಿದ ಸಂಯುಕ್ತವೇ ಬೆಡಾಕ್ವಿಲೀನ್. ಕ್ಷಯಾಣುವಿನ ದಾಯಾದಿಯಾದ, ಬೇಗ ಬೆಳೆಯುವ, ಅಪಾಯವಿಲ್ಲದ ಒಂದು ಅಣುಜೀವಿಯ ಮೇಲೆ ಸಹಸ್ರಗಟ್ಟಲೆ ಸಂಯುಕ್ತಗಳನ್ನು ಪರೀಕ್ಷಿಸಿ ಇದರ ಕುಲವನ್ನು ಆರಿಸಿದರು. ಇದು ಕ್ಷಯಾಣುವಿನ ಶಕ್ತಿ ಉತ್ಪಾದನೆಯ ಯಂತ್ರವನ್ನೇ ನಿಲ್ಲಿಸುತ್ತದೆ. ಆದ್ದರಿಂದ ನಿದ್ರಿಸುತ್ತಿರುವ ಕ್ಷಯಾಣುವಿಗೂ ಬಿಡುಗಡೆಯಿಲ್ಲ. 2012ರ ಕೊನೆಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದು 2016ರಲ್ಲಿ ನಮ್ಮ ದೇಶದ ಕೆಲವು ಕೇಂದ್ರಗಳಿಗೆ ಬಂದಿತು. ಇದನ್ನು ಪ್ರೆಟೋಮಾನಿಡ್ ಮೊದಲಾದ ಬೇರೆ ಮೂರು ಔಷಧಿಗಳೊಡನೆ ಸೇರಿಸಿ ಆರು ತಿಂಗಳು ಬರಿಯ ಗುಳಿಗೆಗಳಿಂದಲೇ ಚಿಕಿತ್ಸೆ ನಡೆಸುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿಯೂ ಭಾರತ ಸರ್ಕಾರ 2024ರಲ್ಲಿಯೂ ಅಂಗೀಕರಿಸಿದವು. ಒಗ್ಗಿಹೋದ ಕ್ಷಯಕ್ಕೆ ಸೂಜಿಯಿಲ್ಲದ ಮದ್ದು ಹೀಗೆ ದೊರೆಯಿತು.

ಈಗ ಮತ್ತೆ ನಮ್ಮ ನಾಡಿಗೆ ಬರೋಣ. ಬೆಂಗಳೂರಿನಲ್ಲಿ ಆಸ್ಟ್ರಜೆನೆಕ ಕಂಪನಿಯ ಸಂಶೋಧನಾಲಯವೊಂದಿತ್ತು. ಅಲ್ಲಿನ ರಸಾಯನಶಾಸ್ತ್ರಜ್ಞರು ಒಂದು ಸಂಯುಕ್ತದ ಉಂಗುರದಾಕಾರದ ಅಸ್ಥಿಪಂಜರವನ್ನು ಸ್ವಲ್ಪ ಸ್ವಲ್ಪವಾಗಿ ಮಾರ್ಪಡಿಸುತ್ತ ಹೋಗಿ, 2013ರಲ್ಲಿ ಅಜಾಇಂಡೋಲ್ ಎಂಬ ಹೊಸ ಕುಲವನ್ನು ಪ್ರಕಟಿಸಿದರು. ಇಂಡೋಲ್ ಎಂಬ ಹೆಸರು ಬಂದಿರುವುದು ಬಟ್ಟೆಗೆ ಹಾಕುವ ನೀಲಿಯ ಇಂಗ್ಲಿಷ್ ಹೆಸರಿನಿಂದ. ಆ ಉಂಗುರದಲ್ಲಿ ಒಂದು ಇಂಗಾಲದ ಪರಮಾಣುವಿನ ಜಾಗದಲ್ಲಿ ಸಾರಜನಕವನ್ನು ಕೂರಿಸಿದರೆ ಅದು ಅಜಾಇಂಡೋಲ್. ಕ್ಷಯಾಣು ತನ್ನ ಕವಚಕ್ಕಾಗಿ ಒಂದು ಬಗೆಯ ಸಕ್ಕರೆಯನ್ನು ಇನ್ನೊಂದು ಬಗೆಯನ್ನಾಗಿ ಮಾರ್ಪಡಿಸಿಕೊಳ್ಳುತ್ತದೆ. ಆ ಕೆಲಸದ ಕಿಣ್ವವನ್ನು ಈ ಸಂಯುಕ್ತಗಳು ತಡೆಯುತ್ತವೆ.

ಕೊಲ್ಲುವ ಶಕ್ತಿಯಿದ್ದರೂ ಮೊದಲ ಸಂಯುಕ್ತಗಳಲ್ಲಿ ಎರಡು ದೋಷಗಳಿದ್ದುವು. ಹೆಗ್ಗಣಕ್ಕಿಂತ ಸಣ್ಣದಾದ ಪ್ರಯೋಗಶಾಲೆಯ ಸುಂಡಿಲಿಯ ದೇಹವು ಅವನ್ನು ಬಹು ಬೇಗ ಒಡೆದುಹಾಕುತ್ತಿತ್ತು. ಮದ್ದು ನೆತ್ತರಿನಲ್ಲಿ ಉಳಿಯುವುದಕ್ಕೆ ಮುಂಚೆಯೇ ಮಾಯವಾಗುತ್ತಿತ್ತು. ಎರಡನೆಯದು ಇನ್ನೂ ಸೂಕ್ಷ್ಮವಾದುದು. ನಮ್ಮ ಕಣ್ಣಿನ ಒಳಪರದೆಯಲ್ಲಿ ಬೆಳಕನ್ನು ನರದ ಸಂಕೇತವಾಗಿ ಮಾರ್ಪಡಿಸುವ ಕೆಲಸದಲ್ಲಿ ಒಂದು ಕಿಣ್ವವುಂಟು. ಈ ಸಂಯುಕ್ತಗಳು ಕ್ಷಯಾಣುವಿನ ಕಿಣ್ವದೊಡನೆ ಅದನ್ನೂ ತಡೆಯುತ್ತಿದ್ದುವು. ಶ್ವಾಸಕೋಶವನ್ನು ಉಳಿಸಿ ಕಣ್ಣನ್ನು ಕೆಡಿಸುವ ಔಷಧಿಯನ್ನು ಹಳ್ಳಿಯ ರೋಗಿಗೆ ಹೇಗೆ ಕೊಡುವುದು? ಉಂಗುರವನ್ನು ಹಾಗೆಯೇ ಉಳಿಸಿಕೊಂಡು ಅದಕ್ಕೆ ಅಂಟಿದ ಕೊಂಬೆಗಳನ್ನು ಒಂದೊಂದಾಗಿ ಬದಲಿಸಿದರು. ಒಂದು ಬದಲಾವಣೆಯಿಂದ ಕಣ್ಣಿನ ದೋಷ ಕಡಮೆಯಾದರೆ ಕೊಲ್ಲುವ ಶಕ್ತಿಯೂ ಕುಂದುವ ಸಂಭವವುಂಟು. ಅದನ್ನು ಬಿಟ್ಟು ಮತ್ತೊಂದು. ಮರುವರ್ಷ, ಅಂದರೆ 2014ರಲ್ಲಿ, ಎರಡು ದೋಷಗಳನ್ನೂ ನಿವಾರಿಸಿದ, ಇಲಿಗಳಲ್ಲಿ ದೀರ್ಘಕಾಲದ ಕ್ಷಯದ ಮೇಲೂ ಕೆಲಸಮಾಡಿದ ಸಂಯುಕ್ತಗಳನ್ನು ಪ್ರಕಟಿಸಿದರು. ಅದೇ ವರ್ಷ ಕಂಪನಿಯು ಬೆಂಗಳೂರಿನ ಸಂಶೋಧನೆಯನ್ನು ನಿಲ್ಲಿಸಿತು. ಪುಣ್ಯವಶಾತ್ ಈ ಕುಲದ ಒಂದು ಸಂಯುಕ್ತ, ಟಿ.ಬಿ.ಎ.-7371 ಎಂಬುದು, ಬೇರೆಯವರ ಕೈಸೇರಿ ಬದುಕಿತು; ದಕ್ಷಿಣ ಆಫ್ರಿಕದಲ್ಲಿ ಕ್ಷಯರೋಗಿಗಳಲ್ಲಿಯೇ ಅದರ ಪರೀಕ್ಷೆ ನಡೆದಿದೆ. ಅದು ಇನ್ನೂ ಔಷಧಿಯಾಗಿಲ್ಲ; ಔಷಧಿಯಾಗುವ ದಾರಿಯಲ್ಲಿದೆ.

ಇದು ದೊಡ್ಡ ಸಂಶೋಧನಾಲಯದ ಮಾತಾಯಿತು. ನಮ್ಮ ನಾಡಿನ ವಿಶ್ವವಿದ್ಯಾನಿಲಯಗಳಲ್ಲಿಯೂ ಔಷಧಶಾಸ್ತ್ರದ ಕಾಲೇಜುಗಳಲ್ಲಿಯೂ ಈ ಕೆಲಸ ಸಣ್ಣ ಪ್ರಮಾಣದಲ್ಲಿ ನಡೆಯುತ್ತಲೇ ಇದೆ. ವಿದ್ಯಾರ್ಥಿಯೊಬ್ಬನು ದುಂಡುತಳದ ಗಾಜಿನ ಬುರುಡೆಯಲ್ಲಿ ಎರಡು ಪದಾರ್ಥಗಳನ್ನು ಗಂಟೆಗಟ್ಟಲೆ ಕುದಿಸಿ, ತಣಿಸಿ, ಹರಳುಗಳನ್ನು ಶೋಧಿಸಿ, ಅದು ಶುದ್ಧವೇ ಎಂದು ಕರಗುವ ಉಷ್ಣತೆಯಿಂದ ಪರೀಕ್ಷಿಸುತ್ತಾನೆ. ಒಂದು ವರ್ಷದ ದುಡಿಮೆಯಿಂದ ಹತ್ತಿಪ್ಪತ್ತು ಹೊಸ ಸಂಯುಕ್ತಗಳು ಚಿಟಿಕೆಯಷ್ಟು ಪುಡಿಯಾಗಿ ಸಣ್ಣ ಸೀಸೆಗಳಲ್ಲಿ ಕೂಡುತ್ತವೆ. ಜೀವಂತ ಕ್ಷಯಾಣುವನ್ನು ಬೆಳಸಲು ಎಲ್ಲ ಕಾಲೇಜುಗಳಲ್ಲಿಯೂ ಅನುಕೂಲವಿಲ್ಲ, ಇರಲೂಬಾರದು. ಆದಕಾರಣ ಸೀಸೆಗಳು ಬೇರೆ ಊರಿಗೆ ಹೋಗುತ್ತವೆ. ನಮ್ಮ ನಾಡಿನ ಎಷ್ಟೋ ಸಂಶೋಧಕರು ಬೆಳಗಾವಿಯ ಒಂದು ದಂತವೈದ್ಯ ಕಾಲೇಜಿನ ಪ್ರಯೋಗಶಾಲೆಗೆ ಕಳುಹಿಸುವುದುಂಟು. ಹಲ್ಲಿನ ಕಾಲೇಜಿನಲ್ಲಿ ಕ್ಷಯದ ಪರೀಕ್ಷೆಯೇ ಎಂದು ಆಶ್ಚರ್ಯಪಡಬೇಡಿ, ಅಣುಜೀವಿಗಳನ್ನು ಬಲ್ಲವರು ಎಲ್ಲಿದ್ದರೇನು?

ಅಲ್ಲಿ 96 ಸಣ್ಣ ಗುಳಿಗಳಿರುವ ಒಂದು ತಟ್ಟೆಯಲ್ಲಿ ಕ್ಷಯಾಣುಗಳನ್ನು ಹಾಕಿ, ಒಂದೊಂದು ಗುಳಿಗೂ ಸಂಯುಕ್ತವನ್ನು ಹೆಚ್ಚು ಕಡಮೆ ಪ್ರಮಾಣಗಳಲ್ಲಿ ಸೇರಿಸಿ, ಕೆಲವು ದಿನ ಬೆಚ್ಚಗಿಡುತ್ತಾರೆ. ಕೊನೆಗೆ ಒಂದು ನೀಲಿಯ ಬಣ್ಣವನ್ನು ತೊಟ್ಟಿಕ್ಕುತ್ತಾರೆ. ಕ್ಷಯಾಣು ಬದುಕಿ ಉಸಿರಾಡುತ್ತಿದ್ದರೆ ನೀಲಿಯು ನಸುಗೆಂಪಾಗುತ್ತದೆ. ಸತ್ತಿದ್ದರೆ ನೀಲಿಯಾಗಿಯೇ ಉಳಿಯುತ್ತದೆ. ಹೆಚ್ಚು ಗುಳಿಗಳು ನಸುಗೆಂಪಾಗುವುದೇ ವಾಡಿಕೆ.

ಇಂತಹ ಸಂಯುಕ್ತಗಳಲ್ಲಿ ಬಹುಪಾಲು ಪ್ರಬಂಧದ ಪುಟದಲ್ಲಿ ನಿಂತುಬಿಡುತ್ತವೆಂಬ ಆಕ್ಷೇಪಣೆಯುಂಟು. ಅದು ನಿಜ. ಗಾಜಿನ ತಟ್ಟೆಯಲ್ಲಿ ಕ್ಷಯಾಣುವನ್ನು ಕೊಂದ ಮಾತ್ರಕ್ಕೆ ಔಷಧಿಯಾಗುವುದಿಲ್ಲ. ಬಟ್ಟೆ ಒಗೆಯುವ ಸೋಡಾ ಸಹ ತಟ್ಟೆಯಲ್ಲಿ ಬಹಳವನ್ನು ಕೊಂದೀತು. ಮನುಷ್ಯನ ಜೀವಕೋಶಕ್ಕೆ ಅದು ಕೇಡುಮಾಡದೇ, ನೀರಿನಲ್ಲಿ ಕರಗೀತೇ, ಹೊಟ್ಟೆಯಿಂದ ನೆತ್ತರಿಗೆ ಹೋದೀತೇ, ಇಲಿಯಲ್ಲಿ ಫಲಿಸೀತೇ ಎಂಬ ಪ್ರಶ್ನೆಗಳನ್ನು ಕೇಳಲು ಹಣವೂ ಸಹಕಾರವೂ ಬೇಕು. ಕಾಲೇಜಿನ ವಿದ್ಯಾರ್ಥಿಗೆ ಅವೆರಡೂ ವಿರಳ. ಆದರೆ ಬೆಳಗಾವಿಯಿಂದ ಬಂದ ವರದಿಯಲ್ಲಿ ಒಂದು ಗುಳಿ ಅತ್ಯಲ್ಪ ಪ್ರಮಾಣದಲ್ಲಿಯೂ ನೀಲಿಯಾಗಿಯೇ ಉಳಿದಿತ್ತೆಂದು ಓದಿದಾಗ, ಆ ಸೀಸೆಗೆ ಅಂಟಿಸಿದ ಕಾಗದದ ಮೇಲೆ ಏನು ಬರೆದಿತ್ತೆಂದು ಹುಡುಕಿ ನೋಡಿ, ಆ ಸಂಯುಕ್ತವನ್ನು ಮತ್ತೊಮ್ಮೆ, ಈ ಸಲ ಚಿಟಿಕೆಯಷ್ಟಲ್ಲ, ಬೊಗಸೆಯಷ್ಟು ಮಾಡಲು ವಿದ್ಯಾರ್ಥಿಯು ಬುರುಡೆಯನ್ನು ತೊಳೆದಿಡುತ್ತಾನೆ.